ಯಾತಕ್ಕಾಗಿ ಬರೆಯುತ್ತಿದ್ದೇನೆ ಎಂಬುದು ತಿಳಿಯುವುದು ಹೇಗೆ?

ಪ್ರಶ್ನೆ: ನನಗೆ 41 ವರ್ಷ. ಶಿವಮೊಗ್ಗ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ವಾರಪತ್ರಿಕೆ, ಪುರವಣಿಗಳಲ್ಲಿ ನನ್ನ ಹನ್ನೊಂದು ಕಥೆಗಳು ಬಂದಿವೆ. ಎರಡು ವರ್ಷದ ಹಿಂದೆ ಅವು ಸಂಕಲನವಾದವು. ಅಲ್ಲಿಂದೀಚೆಗೆ ಒಂದು ಕಥೆಯನ್ನೂ ಪೂರ್ತಿ ಮಾಡಲು ಆಗಿಲ್ಲ. ಈಚೆಗೆ ಒಂದು ಕಮ್ಮಟದಲ್ಲಿ "ನೀವು ಯಾತಕ್ಕಾಗಿ ಬರೆಯುತ್ತೀರಿ?" ಎಂದು ಕೇಳಿದಾಗ "ಹೆಣ್ಣುಮಕ್ಕಳ ನೋವನ್ನು ಸಮಾಜಕ್ಕೆ ತಿಳಿಸಲು" ಎಂದುಬಿಟ್ಟೆ. ಹೇಳುತ್ತಿದ್ದಂತೆಯೇ ಅದು ನನ್ನ ಮಾತಲ್ಲ ಅನ್ನಿಸಿತು. ಹಾಗಿದ್ದರೆ ಹೆಸರು ಅಚ್ಚಾಗುವ ಆಸೆಯೇ ನಿಜವಾದ ಕಾರಣವೇ? ನನ್ನ ಉದ್ದೇಶವನ್ನು ನಾನು ಕಂಡುಕೊಳ್ಳುವುದು ಹೇಗೆ? ಸಾವಿರ ಪ್ರತಿಯೂ ಖರ್ಚಾಗದ ಈ ಕಾಲದಲ್ಲಿ ಕನ್ನಡದಲ್ಲಿ ಕಥೆ ಬರೆಯುವುದಕ್ಕೆ ಏನಾದರೂ ಅರ್ಥವಿದೆಯೇ? ಎರಡು ಕಥೆಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಬರೆಯುವ ಒತ್ತಡ ನಿಮ್ಮೊಳಗೆ ಎಲ್ಲಿಂದ ಹುಟ್ಟುತ್ತದೆ ಎಂಬುದು ಒಂದು. ಬರೆದದ್ದರಿಂದ ಏನಾಗಬೇಕು ಎಂಬುದು ಇನ್ನೊಂದು. ಎರಡು ವರ್ಷದಿಂದ ಬರಹ ಏಕೆ ನಿಂತಿದೆ ಎಂಬುದು ಮತ್ತೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಉಳಿದವು ತಾವಾಗಿ ಬಿಡಿಸಿಕೊಳ್ಳುತ್ತವೆ ಎಂದು ನೀವು ನಂಬಿದ್ದೀರಿ. ಕಥೆಗಾರರ ಹಸ್ತಪ್ರತಿಗಳನ್ನು ಬಹಳ ವರ್ಷ ಓದಿದ ಮೇಲೆ ನನಗೆ ಈ ನಂಬಿಕೆ ಉಳಿದಿಲ್ಲ. ತಾವು ಏಕೆ ಬರೆಯುತ್ತೇವೆಂದು ಸೊಗಸಾಗಿ ಹೇಳಬಲ್ಲವರ ಕಥೆಗಳು ಸಪ್ಪೆಯಾಗಿರುವುದನ್ನೂ, ಆ ಪ್ರಶ್ನೆಗೆ ತಬ್ಬಿಬ್ಬಾಗಿ ತಲೆತಗ್ಗಿಸುವವರ ಕಥೆಗಳು ನಮ್ಮನ್ನು ರಾತ್ರಿಯಿಡೀ ಎಚ್ಚರವಾಗಿ ಇಡುವುದನ್ನೂ ಮತ್ತೆ ಮತ್ತೆ ಕಂಡಿದ್ದೇನೆ.

ನಮ್ಮ ಹಳೆಯ ಕಾವ್ಯಮೀಮಾಂಸಕರು ಈ ಗಂಟನ್ನು ಮೊದಲೇ ಬಿಡಿಸಿಟ್ಟಿದ್ದಾರೆ. ಕಾವ್ಯ ಹುಟ್ಟಲು ಬೇಕಾದದ್ದನ್ನು ಅವರು ಕಾವ್ಯಹೇತು ಎಂದರು, ಹುಟ್ಟಿದ ಕಾವ್ಯದಿಂದ ಆಗುವುದನ್ನು ಕಾವ್ಯಪ್ರಯೋಜನ ಎಂದರು, ಎರಡನ್ನೂ ಬೇರೆ ಬೇರೆಯಾಗಿ ಚರ್ಚಿಸಿದರು. 11ನೆಯ ಶತಮಾನದ ಕಾಶ್ಮೀರದ ಮಮ್ಮಟ ಆರು ಪ್ರಯೋಜನಗಳನ್ನು ಎಣಿಸುತ್ತಾನೆ: ಕೀರ್ತಿ, ಹಣ, ಲೋಕವ್ಯವಹಾರದ ತಿಳಿವಳಿಕೆ, ಅಮಂಗಳದ ನಿವಾರಣೆ, ಆ ಕ್ಷಣದಲ್ಲೇ ದೊರೆಯುವ ಪರಮಾನಂದ ಮತ್ತು ಪ್ರಿಯೆಯ ಮಾತಿನಂತೆ ಮನಸ್ಸಿಗೆ ಇಳಿಯುವ ಉಪದೇಶ. ಈ ಪಟ್ಟಿಯಲ್ಲಿ ಮೊದಲ ಹೆಸರು ಕೀರ್ತಿಯದು, ಎರಡನೆಯದು ಹಣದ್ದು ಎಂಬುದನ್ನು ಗಮನಿಸಿ. ನೀವು ಅಳುಕುತ್ತ ಪತ್ರದ ನಡುವೆ ತುರುಕಿರುವ ಆಸೆಯನ್ನು ಆತ ಯಾವ ಮುಜುಗರವೂ ಇಲ್ಲದೆ ಮುಂದಿಟ್ಟಿದ್ದಾನೆ. ಆದರೆ ಹೇತುವಿನ ಮಾತು ಬಂದಾಗ ಕೀರ್ತಿಯೂ ಇಲ್ಲ, ಹಣವೂ ಇಲ್ಲ. ಅಲ್ಲಿರುವುದು ಪ್ರತಿಭೆ, ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ನೋಡಿ ಪಡೆದ ನಿಪುಣತೆ ಮತ್ತು ಬಲ್ಲವರ ಕೈಕೆಳಗಿನ ಅಭ್ಯಾಸ. ಈ ಮೂರೂ ಕೂಡಿ ಒಂದೇ ಹೇತು, ಬಿಡಿಬಿಡಿಯಾಗಿ ಮೂರು ಹೇತುಗಳಲ್ಲ ಎಂಬುದು ಅವನ ನಿಲುವು. ಎಂದರೆ, ಕೀರ್ತಿಯ ಆಸೆ ಇದ್ದ ಮಾತ್ರಕ್ಕೆ ಕಾವ್ಯ ಕೆಡಬೇಕೆಂದೇನೂ ಇಲ್ಲ, ಆದರೆ ಆ ಆಸೆಯ ಬಲದಿಂದ ಕಾವ್ಯ ಹುಟ್ಟುವುದೂ ಇಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವರಲ್ಲಿ ಪಂಪನೇ ಹಿರಿಯ. 941ರ ಆದಿಪುರಾಣದ ಆರಂಭದಲ್ಲಿಯೇ "ಕವಿತೆಯೊಳಾಸೆಗೆಯ್ವ ಫಲಮಾವುದೊ" ಎಂದು ತನ್ನನ್ನು ಕೇಳಿಕೊಂಡು, ಪೂಜೆ, ನೆಗಳ್ತೆ, ಲಾಭ ಇವೇ ಅಲ್ಲವೇ ಎಂದು ತಾನೇ ಉತ್ತರ ಕೊಡುತ್ತಾನೆ. ಮನ್ನಣೆ, ಹೆಸರು, ಸಂಪಾದನೆ. ನಿಮ್ಮ ಕಮ್ಮಟದಲ್ಲಿ ಯಾರಾದರೂ ಎದ್ದು ನಿಂತು ಹೀಗೆ ಹೇಳಿದ್ದರೆ ಸಭೆ ನಕ್ಕುಬಿಡುತ್ತಿತ್ತು. ಪಂಪ ಅಲ್ಲಿಗೆ ನಿಲ್ಲುವುದಿಲ್ಲ. ಜಿನೇಂದ್ರನ ಗುಣಸ್ತುತಿಯಿಂದ ಇಂದ್ರಪೂಜೆ, ಲೋಕ ಕೊಂಡಾಡುವ ಕೀರ್ತಿ, ಮುಕ್ತಿಯೆಂಬ ಲಾಭ ಈ ಮೂರೂ ತಾವಾಗಿಯೇ ಒದಗುವಾಗ, "ಪೆರರೀವುದೇಂ ಪೆರರ ಮಾಡುವುದೇಂ ಪೆರರಿಂದಮಪ್ಪುದೇಂ" ಎಂದು ಕೇಳುತ್ತಾನೆ: ಬೇರೆಯವರು ಕೊಡುವುದೇನು, ಮಾಡುವುದೇನು, ಅವರಿಂದ ಆಗುವುದೇನು? ಆಸೆ ಬಿಟ್ಟವನ ಮಾತು ಇದು ಎಂದು ಉದಾಹರಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಪಂಪ ಆ ಮೂರು ಆಸೆಗಳಲ್ಲಿ ಒಂದನ್ನೂ ಬಿಟ್ಟಿಲ್ಲ. ಅವು ಯಾರ ಕೈಯಿಂದ ಬರಬೇಕು ಎಂಬುದನ್ನು ಮಾತ್ರ ಬದಲಾಯಿಸಿಕೊಂಡಿದ್ದಾನೆ.

ಅದೇ ಪಂಪ ತನಗೆ ಆಶ್ರಯ ಕೊಟ್ಟ ಅರಸ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ ಭಾರತವನ್ನು ಬರೆದ, ಧರ್ಮಪುರವೆಂಬ ಅಗ್ರಹಾರವನ್ನು ಅರಸನಿಂದ ಪಡೆದ. ಬೇರೆಯವರು ಕೊಡುವುದೇನು ಎಂದು ಕೇಳಿದವನೇ ಬೇರೆಯವರು ಕೊಟ್ಟದ್ದನ್ನು ಸ್ವೀಕರಿಸಿದನಲ್ಲ ಎಂದು ತಕರಾರು ಮಾಡಬಹುದು. ಅದಕ್ಕೆ ಅವನ ಸಮಜಾಯಿಷಿ ಅವನಲ್ಲೇ ಇದೆ: "ಬೆಳಗುವೆನಿಲ್ಲಿ ಲೌಕಿಕಮನಲ್ಲಿ ಜಿನಾಗಮಮಂ." ಇಲ್ಲಿ, ಭಾರತದಲ್ಲಿ, ಲೋಕದ ಬದುಕು; ಅಲ್ಲಿ, ಆದಿಪುರಾಣದಲ್ಲಿ, ಜೈನಶಾಸ್ತ್ರ. ಒಬ್ಬನೇ ಕವಿ, ಎರಡು ಕೃತಿ, ಎರಡು ಉದ್ದೇಶ. ನನ್ನ ಉತ್ತರದ ಮುಖ್ಯ ಮಾತು ಇದರಲ್ಲೇ ಅಡಗಿದೆ. ಉದ್ದೇಶವೆಂಬುದು ಕೃತಿಗೆ ಇರುವಂಥದು. ಬರೆಯುವವರ ಇಡೀ ಬಾಳಿಗೆ ಒಂದೇ ಉದ್ದೇಶವನ್ನು ಹುಡುಕಿ ಹಣೆಗೆ ಅಂಟಿಸಿಕೊಳ್ಳುವ ಅಗತ್ಯವಿಲ್ಲ. ನಿಮ್ಮ ಹನ್ನೊಂದು ಕಥೆಗಳಿಗೆ ಹನ್ನೊಂದು ಉದ್ದೇಶಗಳಿರಬಹುದು. ಕಮ್ಮಟದಲ್ಲಿ ನಿಮಗೆ ಕೇಳಿದ ಪ್ರಶ್ನೆ ನಿಮ್ಮೆಲ್ಲ ಬರಹಕ್ಕೂ ಒಂದೇ ವಾಕ್ಯದ ಉತ್ತರವನ್ನು ಬೇಡಿತು. ಅಂಥ ಪ್ರಶ್ನೆಗೆ ಸಭೆಗೆ ಒಪ್ಪುವ ಉತ್ತರವೇ ಬಾಯಿಗೆ ಬರುತ್ತದೆ. ನೀವು ಸುಳ್ಳು ಹೇಳಲಿಲ್ಲ, ಎರವಲು ಮಾತು ಆಡಿದಿರಿ. ಅದು ಎರವಲೆಂದು ಆ ಕ್ಷಣವೇ ಗೊತ್ತಾಯಿತಲ್ಲ, ಅದು ನಿಮ್ಮ ಕಿವಿ ಇನ್ನೂ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ.

ಹೆಸರಿನ ಆಸೆಯ ವಿಷಯಕ್ಕೆ ಬರುತ್ತೇನೆ. ಹೆಸರಿಲ್ಲದೆಯೂ ಬರೆಯುತ್ತಿದ್ದೆನೇ ಎಂದು ತಮ್ಮನ್ನೇ ಪರೀಕ್ಷಿಸಿಕೊಳ್ಳಬೇಕೆಂದು ಕೆಲವರು ಸಲಹೆ ಕೊಡುತ್ತಾರೆ. ಆ ಪರೀಕ್ಷೆ ಅಷ್ಟು ಸರಳವಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ತಮ್ಮ ಕೃತಿಗಳನ್ನು ಹಳೆಯ ಕವಿಯೊಬ್ಬನ ರಚನೆಗಳೆಂಬ ಭಾವನೆ ಬರುವಂತೆ ಮೈಸೂರಿನ ಕಾವ್ಯಪತ್ರಿಕೆಗೆ ಕಳಿಸಿದರು. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿಗೇ, ಕ್ಷಯದಿಂದ ತೀರಿಕೊಂಡರು. ಮುದ್ದಣನೆಂದು ಇಂದು ನಾವು ಮೆಚ್ಚುವ ಆ ಕವಿ ಯಾರೆಂಬುದು ಲೋಕಕ್ಕೆ ಚೆನ್ನಾಗಿ ತಿಳಿದದ್ದು ಆಮೇಲೆಯೇ. ಇದಕ್ಕಿಂತ ನಿರ್ಮಲವಾದ ಪ್ರೇರಣೆ ಉಂಟೇ ಎಂದು ಕೇಳಬಹುದು. ಆದರೆ ಹೊಸಬನ ಕೃತಿಗಿಂತ ಹಳಬನ ಕೃತಿಗೆ ಬೆಲೆ ಹೆಚ್ಚು ಎಂಬ ಲೋಕಜ್ಞಾನವೂ ಆ ಮರೆಯಲ್ಲಿ ಇದ್ದಿರಬೇಕೆಂದು ನನ್ನ ಊಹೆ. ಕೃತಿ ಉಳಿಯಬೇಕೆಂಬ ಆಸೆ ಹೆಸರು ಉಳಿಯಬೇಕೆಂಬ ಆಸೆಯನ್ನು ನುಂಗಿಹಾಕಿತ್ತು. ಆಸೆಯೇ ಇರಲಿಲ್ಲ ಎಂದಲ್ಲ. ವಚನಕಾರರು ತಮ್ಮ ಹೆಸರಿನ ಜಾಗದಲ್ಲಿ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ಆ ಅಂಕಿತವೇ ಇಂದು ನಮಗೆ ಅವರವರ ಸಹಿಯಾಗಿದೆ. ಹೆಸರಿನಿಂದ ತಪ್ಪಿಸಿಕೊಳ್ಳುವುದು ಅಷ್ಟು ಕಷ್ಟ. ಹೀಗಾಗಿ ನಿಮ್ಮ ಹೆಸರು ಅಚ್ಚಿನಲ್ಲಿ ಕಂಡಾಗ ಆದ ಸಂತೋಷಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಗಿಲ್ಲ. ಆ ಸಂತೋಷವನ್ನು ಬರೆಯುವ ಮೇಜಿನ ಹತ್ತಿರ ಕೂರಿಸಿಕೊಳ್ಳದಿದ್ದರೆ ಸಾಕು.

ಇದು ಬರೀ ಉಪದೇಶವಲ್ಲ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ತೆರೇಸಾ ಅಮಾಬಿಲೆ 1985ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಬರವಣಿಗೆಯಲ್ಲಿ ಆಗಲೇ ತೊಡಗಿಕೊಂಡಿದ್ದ 72 ಮಂದಿಯಿಂದ ಅವರು ಒಂದೊಂದು ಚಿಕ್ಕ ಪದ್ಯ ಬರೆಸಿದರು. ಆಮೇಲೆ ಒಂದು ಗುಂಪಿಗೆ ಬರೆಯುವುದರ ಒಳಗಿನ ಕಾರಣಗಳ ಪಟ್ಟಿಯನ್ನು, ಎಂದರೆ ಮಾತಿನೊಡನೆ ಆಡುವ ಖುಷಿ, ತನ್ನನ್ನು ವ್ಯಕ್ತಪಡಿಸಿಕೊಳ್ಳುವ ತೃಪ್ತಿ ಮುಂತಾದವನ್ನು ಕೊಟ್ಟು, ನಿಮಗೆ ಮುಖ್ಯವೆನಿಸುವ ಕ್ರಮದಲ್ಲಿ ಜೋಡಿಸಿ ಎಂದರು. ಇನ್ನೊಂದು ಗುಂಪಿಗೆ ಹೆಸರು, ಹಣ, ಇತರರ ಮೆಚ್ಚುಗೆಯಂಥ ಹೊರಗಿನ ಕಾರಣಗಳ ಪಟ್ಟಿ. ಮೂರನೆಯ ಗುಂಪಿಗೆ ಯಾವ ಪಟ್ಟಿಯೂ ಇಲ್ಲ. ಅನಂತರ ಎಲ್ಲರೂ ಮತ್ತೊಂದು ಪದ್ಯ ಬರೆದರು. ಯಾರು ಯಾವ ಗುಂಪಿನವರೆಂದು ತಿಳಿಯದ ಕವಿಗಳು ಅವನ್ನು ಅಳೆದಾಗ, ಹೊರಗಿನ ಕಾರಣಗಳನ್ನು ಕೆಲವೇ ನಿಮಿಷ ಯೋಚಿಸಿದವರ ಪದ್ಯಗಳು ಕಳೆಗುಂದಿದ್ದವು. ಒಳಗಿನ ಕಾರಣಗಳನ್ನು ಯೋಚಿಸಿದವರ ಪದ್ಯಗಳು ಮಾತ್ರ ಯಾವ ಪಟ್ಟಿಯನ್ನೂ ಕಾಣದವರ ಪದ್ಯಗಳಿಗಿಂತ ಹೇಳಿಕೊಳ್ಳುವಷ್ಟು ಮೇಲೇನೂ ಇರಲಿಲ್ಲ.

ಈ ಕೊನೆಯ ಸಂಗತಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಅದೇ. ತಪ್ಪು ಕಾರಣವನ್ನು ತಲೆಯಲ್ಲಿಟ್ಟುಕೊಂಡು ಕುಳಿತರೆ ಬರಹಕ್ಕೆ ಪೆಟ್ಟು ಬೀಳುತ್ತದೆ, ನಿಜ. ಆದರೆ ಸರಿಯಾದ ಕಾರಣವನ್ನು ಧ್ಯಾನಿಸಿ ಕುಳಿತರೆ ಬರಹ ಮೇಲಕ್ಕೇನೂ ಏರಲಿಲ್ಲ. ಯಾವ ಕಾರಣವನ್ನೂ ನೆನೆಯದೆ ಕುಳಿತವರಿಗೆ ನಷ್ಟವಾಗಲಿಲ್ಲ. ಉದ್ದೇಶ ಸ್ಪಷ್ಟವಾದ ಮೇಲೆ ಬರೆಯುತ್ತೇನೆ ಎಂದು ನೀವು ಎರಡು ವರ್ಷದಿಂದ ಕಾಯುತ್ತಿದ್ದೀರಿ ಎಂಬ ಅನುಮಾನ ನನಗಿದೆ. ಹಾಗಿದ್ದರೆ ಆ ಕಾಯುವಿಕೆಯಿಂದ ಬರುವ ಲಾಭ ತೀರ ಸಣ್ಣದು. ಕಥಾಸ್ಪರ್ಧೆಗಳಿಗೆ ಬಂದ ಕಥೆಗಳನ್ನು ಆರಿಸುವ ಕೆಲಸದಲ್ಲಿ ಕೂತವನಾಗಿ ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ಹಿಂದಿನ ವರ್ಷದ ಬಹುಮಾನಿತ ಕಥೆಯಲ್ಲಿ ವೃದ್ಧಾಶ್ರಮ ಬಂದಿದ್ದರೆ ಈ ವರ್ಷ ವೃದ್ಧಾಶ್ರಮದ ಕಥೆಗಳ ಕಟ್ಟೇ ಬರುತ್ತದೆ. ಒಮ್ಮೆಯಂತೂ ಒಂದೇ ದಿನ ನಾಲ್ಕು ಕಥೆಗಳಲ್ಲಿ ನಾಲ್ವರು ತಾಯಂದಿರು ಕಿಟಕಿಯ ಬಳಿ ಕೂತು, ಬಾರದ ಮಗನ ದಾರಿ ಕಾಯುತ್ತ ಪ್ರಾಣ ಬಿಟ್ಟರು. ಬರೆದವರಿಗೆ ಕೌಶಲವಿರಲಿಲ್ಲವೆಂದಲ್ಲ. ಅವರು ತಾಯಿಯ ಕಡೆ ನೋಡುವ ಬದಲು ತೀರ್ಪುಗಾರರ ಕಡೆ ನೋಡುತ್ತಿದ್ದರು, ಅಷ್ಟೇ.

ಹಾಗಾದರೆ ಉದ್ದೇಶವನ್ನು ತಿಳಿಯುವ ದಾರಿಯೇ ಇಲ್ಲವೇ? ಇದೆ, ಅದನ್ನು ಮನಸ್ಸಿನೊಳಗೆ ಹುಡುಕಬೇಡಿ, ಬರೆದಾಗಿರುವ ಪುಟಗಳಲ್ಲಿ ಹುಡುಕಿ. ಮನಸ್ಸು ಕೇಳಿದವರಿಗೆ ತಕ್ಕಂತೆ ಉತ್ತರ ಕೊಡುತ್ತದೆ. ಪುಟಗಳು ಹಾಗೆ ಮಾತು ಬದಲಿಸಲಾರವು. ನೀವು ಕಳಿಸಿದ ಎರಡು ಕಥೆಗಳನ್ನೇ ತೆಗೆದುಕೊಳ್ಳುತ್ತೇನೆ. ಮೊದಲನೆಯದರಲ್ಲಿ ಅತ್ತೆ ಸತ್ತ ಹದಿಮೂರನೆಯ ದಿನ ಸೊಸೆಗೆ ಅಕ್ಕಿ ಡಬ್ಬಿಯ ತಳದಲ್ಲಿ ಚಿಂದಿಯಲ್ಲಿ ಕಟ್ಟಿಟ್ಟ ದುಡ್ಡು ಸಿಗುತ್ತದೆ. ಎರಡನೆಯದರಲ್ಲಿ ಶಾಲೆಯ ಬಿಸಿಯೂಟ ಮಾಡುವ ಹೆಂಗಸು, ತನಗೆ ಗೌರವಧನ ಬಂದ ತಾರೀಖು, ಬರದೆ ಉಳಿದ ತಿಂಗಳು ಎರಡನ್ನೂ ಅಡುಗೆಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡುತ್ತಾಳೆ. ಎರಡೂ ಕಥೆಗಳನ್ನು ಪೆನ್ಸಿಲ್ ಹಿಡಿದು ಓದುತ್ತ, ವಾಕ್ಯಗಳ ನಡಿಗೆ ನಿಧಾನವಾಗುವ ಜಾಗಗಳನ್ನು ಗುರುತು ಮಾಡಿದೆ. ಸಾವಿನ ಮನೆಯ ಅಳು ನಿಮಗೆ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಚಿಂದಿಯಲ್ಲಿದ್ದ ನೋಟುಗಳನ್ನು ಸೊಸೆ ಎಣಿಸುವುದಕ್ಕೆ ಒಂದೂವರೆ ಪುಟ ಬೇಕಾಗಿದೆ. ರದ್ದಾದ ಐನೂರರ ನೋಟು ಯಾವುದು, ಚಲಾವಣೆಯಲ್ಲಿರುವುದು ಯಾವುದು, ಯಾವ ನೋಟಿನ ಅಂಚನ್ನು ಜಿರಳೆ ತಿಂದಿದೆ, ಇದರಲ್ಲಿ ಗಂಡನಿಗೆ ಎಷ್ಟು ಹೇಳಬೇಕು, ಎಷ್ಟು ಮುಚ್ಚಿಡಬೇಕು ಎಂಬುದನ್ನೆಲ್ಲ ಬರೆಯುವಾಗ ನಿಮ್ಮ ಕನ್ನಡವೇ ಬೇರೆಯಾಗುತ್ತದೆ. ಪಠ್ಯಪುಸ್ತಕದ ಮಾತು ಮರೆಯಾಗಿ ನಿಮ್ಮ ಕಡೆಯ ಹೆಂಗಸರ ಮಾತು ಬರುತ್ತದೆ.

ಬಿಸಿಯೂಟದ ಕಥೆಯಲ್ಲಿಯೂ ಇದೇ ಆಗಿದೆ. ಇದ್ದಿಲಿನ ಅಂಕೆಗಳು ಬರುವವರೆಗೆ ಕಥೆ ತಡವರಿಸುತ್ತದೆ, ಅವು ಬಂದೊಡನೆ ಉಸಿರಾಡತೊಡಗುತ್ತದೆ. ಆಮೇಲೆ ಕೊನೆಯ ಪುಟದಲ್ಲಿ ಮುಖ್ಯೋಪಾಧ್ಯಾಯಿನಿ ಎದ್ದು ನಿಂತು ಹೆಣ್ಣಿನ ತ್ಯಾಗ, ಸಮಾಜದ ಕುರುಡುತನ ಎಂದು ಹತ್ತು ಸಾಲು ಮಾತಾಡುತ್ತಾರೆ. ಅದು ನೀವು ಕಮ್ಮಟದಲ್ಲಿ ಆಡಿದ ಮಾತೇ. ಆ ಹತ್ತು ಸಾಲುಗಳನ್ನು ನೀವು ಮತ್ತೆ ಓದಿದಾಗಲೂ ಕಮ್ಮಟದಲ್ಲಿ ಆದ ಕಸಿವಿಸಿಯೇ ಆಗಬಹುದು. ಕಥೆಯೊಳಗೆ ನಿಜವಾಗಿ ನಡೆದಿರುವುದು ಬೇರೆ: ಕೈಯಲ್ಲಿ ದುಡ್ಡಿಲ್ಲದ ಹೆಂಗಸರು ಲೆಕ್ಕವನ್ನು ಹೇಗೆ ಇಟ್ಟುಕೊಳ್ಳುತ್ತಾರೆ, ಯಾರಿಂದ ಮುಚ್ಚಿಡುತ್ತಾರೆ, ಆ ಲೆಕ್ಕ ಅವರಿಗೆ ಯಾವ ಬಗೆಯ ಧೈರ್ಯ ಕೊಡುತ್ತದೆ ಎಂಬುದರ ಬಗ್ಗೆ ನಿಮಗೆ ತೀರದ ಕುತೂಹಲವಿದೆ. ನೋವನ್ನು ಸಮಾಜಕ್ಕೆ ತಿಳಿಸುವುದು ದೊಡ್ಡ ಮಾತು, ಲೆಕ್ಕ ಸಣ್ಣ ಮಾತು ಎಂದು ನಿಮಗೆ ಅನ್ನಿಸಿರಬೇಕು. ಲೆಕ್ಕದ ಪುಟಗಳಲ್ಲಿ ನೋವು ಇದೆ. ಭಾಷಣದಲ್ಲಿ ಅದು ಇಲ್ಲ. ಉಳಿದ ಒಂಬತ್ತು ಕಥೆಗಳನ್ನೂ ನೀವೇ ಹೀಗೆ ಓದಿ ನೋಡಿ. ಯಾರಿಗೆ ಮಾತು ಕೊಟ್ಟಿದ್ದೀರಿ, ಯಾರನ್ನು ಕಥೆಯ ಉದ್ದಕ್ಕೂ ಮೂಕರಾಗಿ ಇಟ್ಟಿದ್ದೀರಿ, ಯಾವ ವಸ್ತು ನಿಮಗೆ ಗೊತ್ತಿಲ್ಲದಂತೆ ಎರಡು ಮೂರು ಕಥೆಗಳಲ್ಲಿ ಕಾಣಿಸಿಕೊಂಡಿದೆ, ಎಲ್ಲಿ ಅವಸರ ಮಾಡಿದ್ದೀರಿ ಎಂದು ಗುರುತು ಹಾಕಿ. ಅವಸರ ಮಾಡಿದ ಜಾಗಗಳಲ್ಲಿ ಎರಡು ಬಗೆಯುಂಟು: ಆಸಕ್ತಿ ಇಲ್ಲದೆ ಓಡಿದ್ದು ಒಂದು, ಹೆದರಿ ಓಡಿದ್ದು ಇನ್ನೊಂದು. ಎರಡನೆಯ ಬಗೆಯದು ಸಿಕ್ಕರೆ ಅಲ್ಲಿ ಒಂದು ಕಥೆ ಕಾದಿರುತ್ತದೆ.

ಉದ್ದೇಶ ಯಾವಾಗಲೂ ಬರಹದ ಹಿಂದೆಯೇ ಬರುತ್ತದೆ ಎಂದು ನಾನು ವಾದಿಸಲಾರೆ. ಮುಂದೆಯೇ ನಿಂತು ಕರೆದ ಸಂದರ್ಭಗಳೂ ನಮ್ಮಲ್ಲಿವೆ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ ಮನೆಯಲ್ಲೇ ಓದು ಕಲಿತು, ಹೆಂಗಸರಿಗಾಗಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಹೊರಡಿಸಿದಾಗ, ಬರೆಯುವುದು ಯಾತಕ್ಕೆಂದು ಅವರು ಒಳಗೆ ತಡಕಾಡಬೇಕಾಗಿರಲಿಲ್ಲ. ಓದಲು ಪುಸ್ತಕವಿಲ್ಲದ ಹೆಂಗಸರು ಕಣ್ಣೆದುರಿಗೇ ಇದ್ದರು. ದಲಿತ ಕವಿ ಸಿದ್ಧಲಿಂಗಯ್ಯನವರ ಮೊದಲ ಸಂಕಲನ 1975ರಲ್ಲಿ ಬಂತು. ಆ ಕಾಲದ ಅವರ ರಚನೆಗಳು ಮೆರವಣಿಗೆಗಳಲ್ಲಿ ಹಾಡಾದವು. ಹಾಡಿಗಾಗಿ ಕಾದಿದ್ದ ಜನ ಹಾಡಿನ ಉದ್ದೇಶವನ್ನೂ ಕೈಯಲ್ಲಿ ಹಿಡಿದೇ ಬಂದಿದ್ದರು. ನಿಮ್ಮ ಸುತ್ತ ಅಂಥ ಕರೆ ಇದ್ದರೆ ನೀವು ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ಇಲ್ಲದ ಕರೆಯನ್ನು ಇದೆಯೆಂದು ಕಲ್ಪಿಸಿಕೊಂಡು ಬರೆದಾಗ ಮುಖ್ಯೋಪಾಧ್ಯಾಯಿನಿಯ ಹತ್ತು ಸಾಲು ಹುಟ್ಟುತ್ತವೆ.

ಒಮ್ಮೆ ಕಂಡುಕೊಂಡ ಉದ್ದೇಶ ಕೊನೆಯವರೆಗೂ ಬಾಳಬೇಕೆಂಬ ನಿಯಮವೂ ಇಲ್ಲ. ಪೂರ್ಣಚಂದ್ರ ತೇಜಸ್ವಿ ನವ್ಯವೆಂಬ ಸಾಹಿತ್ಯ ಪಂಥದ ದಾರಿಯಲ್ಲೇ ಹೊರಟವರು. 1973ರಲ್ಲಿ ಬಂದ ತಮ್ಮ ಕಥಾಸಂಕಲನದ ಮುನ್ನುಡಿಯಲ್ಲಿ ಆ ದಾರಿಯಲ್ಲಿ ಮುಂದುವರಿಯುವುದು ತಮಗೆ ಸಾಧ್ಯವಿಲ್ಲವೆಂದು ಘೋಷಿಸಿ, ಲೋಹಿಯಾರ ತತ್ತ್ವಚಿಂತನೆ, ಕುವೆಂಪು ಅವರ ಕಲಾಕೃತಿಗಳು, ಕಾರಂತರ ಜೀವನದೃಷ್ಟಿ ಮತ್ತು ಪ್ರಯೋಗಶೀಲತೆ ತಮ್ಮನ್ನು ರೂಪಿಸಿವೆ ಎಂದು ಬರೆದರು. ಆ ಮುನ್ನುಡಿಯಷ್ಟೇ ನೆನಪಿನಲ್ಲಿ ಉಳಿದು, ಅದಕ್ಕೂ ಮುಂಚೆ ಅವರು ಮೂಡಿಗೆರೆಯ ಕಡೆ ಹೋಗಿ ತೋಟ ಮಾಡಿಕೊಂಡಿದ್ದರು ಎಂಬುದು ಮರೆತುಹೋಗುತ್ತದೆ. ಬದುಕುವ ಜಾಗ, ಮಾತಾಡುವ ಜನ, ದಿನದ ಕೆಲಸ ಬದಲಾಗಿದ್ದವು. ಬರಹದ ಗುರಿ ಬದಲಾಯಿತೆಂಬ ಹೇಳಿಕೆ ಬಂದದ್ದು ಅದರ ಬೆನ್ನಿಗೆ. ಮೇಜಿನ ಮುಂದೆ ಕೂತು ಉದ್ದೇಶವನ್ನು ತಿದ್ದಿಕೊಳ್ಳುವವರಿಗೆ ಈ ಅನುಕ್ರಮ ಗೊತ್ತಿರುವುದು ಒಳ್ಳೆಯದು. ಹಾಗೆಯೇ, ಏನನ್ನು ಬಿಡಬೇಕೆಂದು ತಿಳಿಯುವುದೂ ಉದ್ದೇಶದ ಅರಿವೇ. ರಾಮಾಯಣದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಫಣಿರಾಯ ತಿಣಿಕುತ್ತಿದ್ದಾನೆ, ರಘುವರ ಚರಿತೆಯಲ್ಲಿ ಕಾಲಿಡಲು ತೆರಪಿಲ್ಲ ಎಂದು ಕುಮಾರವ್ಯಾಸ ಹೇಳುತ್ತಾನೆ. ಆತ ಕೃಷ್ಣಕಥೆಯ ಕಡೆ ತಿರುಗಿದ್ದಕ್ಕೆ ಭಕ್ತಿಯೊಂದೇ ಅಲ್ಲ, ಜಾಗದ ಲೆಕ್ಕಾಚಾರವೂ ಕಾರಣವೆಂದು ಈ ಮಾತಿನಿಂದ ತಿಳಿಯುತ್ತದೆ.

ಇನ್ನು ಎರಡು ವರ್ಷದ ಮೌನ. ಇದನ್ನು ನೀವು ಪ್ರೇರಣೆ ಬತ್ತಿದ್ದರ ಗುರುತೆಂದು ತಿಳಿದಿದ್ದೀರಿ. ಮೊದಲ ಸಂಕಲನದ ಬೆನ್ನಲ್ಲೇ ಇಂಥ ಮೌನ ಎಷ್ಟು ಸಾಮಾನ್ಯವೆಂದರೆ, ಅದು ಬಾರದಿದ್ದರೇ ನಾನು ಅನುಮಾನಪಡುತ್ತೇನೆ. ಪತ್ರಿಕೆಗೆ ಒಂದೊಂದೇ ಕಥೆ ಕಳಿಸುತ್ತಿದ್ದಾಗ ನಿಮ್ಮನ್ನು ಯಾರೂ ಕಥೆಗಾರ್ತಿ ಎಂದು ಕರೆದಿರಲಿಲ್ಲ. ಪುಸ್ತಕ ಬಂದ ಮೇಲೆ ಮುನ್ನುಡಿಕಾರರು, ಬಿಡುಗಡೆಯ ವೇದಿಕೆಯವರು, ಶಾಲೆಯ ಸಹೋದ್ಯೋಗಿಗಳು ಎಲ್ಲರೂ ಸೇರಿ ನಿಮಗೊಂದು ಚಿತ್ರ ಬರೆದುಕೊಟ್ಟರು. ಈಗ ಬರೆಯಲು ಕುಳಿತಾಗ ಆ ಚಿತ್ರ ಎದುರಿಗೆ ಕೂರುತ್ತದೆ. ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ಅರ್ಧಕ್ಕೆ ಬಿಟ್ಟ ಮೂರು ಕಥೆಗಳ ಪ್ರಸ್ತಾಪವಿದೆ. ಮೂರೂ ಸ್ತ್ರೀಶೋಷಣೆಯ ಬಗ್ಗೆ ಎಂದು ನೀವೇ ಬರೆದಿದ್ದೀರಿ. ವಿಷಯದ ಹೆಸರಿನಿಂದ ಹೊರಟ ಕಥೆ ಅರ್ಧ ದಾರಿಯಲ್ಲಿ ನಿಂತರೆ ಆಶ್ಚರ್ಯವಿಲ್ಲ. ದೇವನೂರ ಮಹಾದೇವರಂತೆ ಕಡಿಮೆ ಬರೆದು ಆಳವಾಗಿ ಉಳಿದವರ ಉದಾಹರಣೆಯನ್ನು ನಿಮ್ಮ ಸಮಾಧಾನಕ್ಕೆ ಕೊಡಬಹುದಿತ್ತು, ಕೊಡುವುದಿಲ್ಲ. ಆ ಉದಾಹರಣೆಯ ಮರೆಯಲ್ಲಿ ನಮ್ಮಲ್ಲಿ ಬಹಳ ಸೋಮಾರಿತನ ಬೆಳೆದಿದೆ.

ಒಳಗಿನ ಭಾರ ಇಳಿಸಿಕೊಳ್ಳಲು ಬರೆಯುತ್ತೇನೆ ಎಂದು ನೀವು ಹೇಳಿಲ್ಲ. ಆದರೂ ಇದೇ ಗೊಂದಲದಲ್ಲಿರುವ ಬೇರೆಯವರಿಗಾಗಿ ಒಂದು ಮಾತು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್‌ಬೇಕರ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಲಕಿದ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಮತ್ತಷ್ಟು ಕದಡಿತು. ಆದರೆ ಮುಂದಿನ ತಿಂಗಳುಗಳಲ್ಲಿ, ಘಟನೆಯನ್ನೂ ಅದರ ಭಾವನೆಯನ್ನೂ ಸೇರಿಸಿ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆ ಬರಹಗಳನ್ನು ಯಾರೂ ಪ್ರಕಟಿಸಬೇಕಾಗಿರಲಿಲ್ಲ, ಚೆನ್ನಾಗಿವೆಯೇ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅಂಥ ಬರಹಕ್ಕೆ ನೋಟ್‌ಬುಕ್ಕೇ ಸರಿಯಾದ ಜಾಗ. ಅದನ್ನೇ ಕಥೆಯೆಂದು ಪತ್ರಿಕೆಗೆ ಕಳಿಸಿ, ಅದು ಹಿಂದಿರುಗಿದಾಗ ತಮ್ಮ ದುಃಖವನ್ನೇ ತಿರಸ್ಕರಿಸಿದರೆಂದು ನೊಂದುಕೊಳ್ಳುವವರನ್ನು ಕಂಡು ನನಗೆ ಮರುಕವಾಗುತ್ತದೆ, ಆದರೆ ಅವರ ಕಥೆ ಅದರಿಂದ ಉತ್ತಮವಾಗುವುದಿಲ್ಲ.

ಹಣದ ಲೆಕ್ಕವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅದು ಚುಟುಕಾದ ಲೆಕ್ಕವೇ. 150 ರೂಪಾಯಿಯ ಪುಸ್ತಕ, ಸಾವಿರ ಪ್ರತಿ, ಬೆಲೆಯ ಮೇಲೆ ಶೇಕಡ 10 ಗೌರವಧನ ಎಂದುಕೊಂಡರೆ, ಎಲ್ಲ ಪ್ರತಿಗಳೂ ಮಾರಾಟವಾದ ಮೇಲೆ ನಿಮಗೆ ಬರುವುದು 15,000 ರೂಪಾಯಿ. ಹನ್ನೊಂದು ಕಥೆ, ಬಹುಶಃ ಆರೇಳು ವರ್ಷದ ದುಡಿಮೆ. ಬರೆದು ಸಂಪಾದಿಸಬೇಕೆಂಬುದು ನಿಮ್ಮ ಪ್ರೇರಣೆಯಾಗಿದ್ದರೆ ಧಾರಾವಾಹಿಯ ಸಂಭಾಷಣೆ, ಅನುವಾದ, ಜಾಹೀರಾತಿನ ಬರಹ ಇವೆಲ್ಲ ಕಥೆಗಿಂತ ಮೇಲಾದ ದಾರಿಗಳು, ಆ ದಾರಿಯಲ್ಲಿ ಅವಮಾನವೇನೂ ಇಲ್ಲ. ಕನ್ನಡದ ಆರಂಭಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಬರೆಯುವುದಕ್ಕೂ ಮಾರುವುದಕ್ಕೂ ಎರಡು ಬೇರೆ ಬೇರೆ ಬಗೆಯ ಹುಮ್ಮಸ್ಸು ಬೇಕೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರು? ನಿಮಗೆ ಶಾಲೆಯ ಸಂಬಳವಿದೆ. ಕಥೆ ಅನ್ನ ಕೊಡಬೇಕಾಗಿಲ್ಲ ಎಂಬುದು ಕಥೆಗೆ ಸಿಗುವ ದೊಡ್ಡ ಸ್ವಾತಂತ್ರ್ಯ.

ಕನ್ನಡದಲ್ಲಿ ಬರೆಯುವುದಕ್ಕೆ ಅರ್ಥವಿದೆಯೇ ಎಂಬ ಪ್ರಶ್ನೆಯನ್ನು ನಾನು ಅಂಕಿಗಳಿಂದ ಗೆಲ್ಲಲು ಹೋಗುವುದಿಲ್ಲ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಹೇಳಿದವರು ಸುಮಾರು 4.37 ಕೋಟಿ, ಅವರಲ್ಲಿ ಸಾವಿರ ಮಂದಿ ಒಂದು ಕಥಾಸಂಕಲನ ಕೊಳ್ಳುವುದಿಲ್ಲವೆಂಬುದು ನಾಚಿಕೆಯ ಸಂಗತಿ, ಅದನ್ನು ಸಿಹಿಮಾತಿನಲ್ಲಿ ಮುಚ್ಚಬೇಕಾಗಿಲ್ಲ. ಆದರೆ ನಿಮ್ಮ ಸೊಸೆ ನೋಟು ಎಣಿಸುವ ಒಂದೂವರೆ ಪುಟ ಇನ್ನೊಂದು ಭಾಷೆಯಲ್ಲಿ ನಿಮ್ಮ ಕೈಯಿಂದ ಬರುತ್ತಿತ್ತೇ? ಹಾಸನದಲ್ಲಿ ವಕೀಲರಾಗಿರುವ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂತು, ಅನುವಾದಿಸಿದ ದೀಪಾ ಭಾಸ್ತಿಯವರೊಡನೆ ಹಂಚಿಕೆಯಾಗಿ. ಅದಾದ ಮೇಲೆ, ಅನುವಾದಕ್ಕೆ ಒಗ್ಗುವ ಹಾಗೆ ಬರೆಯುವುದು ಹೇಗೆ ಎಂದು ಕೇಳುವ ಪತ್ರಗಳು ನನಗೆ ಬರತೊಡಗಿವೆ. ಆ ಪುಸ್ತಕದ 12 ಕಥೆಗಳು 1990ರಿಂದ ಮೂರು ದಶಕಗಳಿಗೂ ಹೆಚ್ಚಿನ ಅವಧಿಯಲ್ಲಿ ಕನ್ನಡದ ಓದುಗರನ್ನು ಎದುರಿಗಿಟ್ಟುಕೊಂಡು ಬರೆದಂಥವು ಎಂಬುದನ್ನು ಈ ಪತ್ರಗಳು ಮರೆಯುತ್ತವೆ. ನಿಮಗೆ ನನ್ನ ಸಲಹೆ ಇನ್ನೂ ಚಿಕ್ಕದು: ಮುಂದಿನ ಕಥೆಯನ್ನು ಒಬ್ಬರಿಗಾಗಿ ಬರೆಯಿರಿ. ನಿಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವರು ಇರಬಹುದು. ಅವರು ಓದಿ, ಅಥವಾ ಯಾರಿಂದಲಾದರೂ ಓದಿಸಿ ಕೇಳಿ, "ಇದರಲ್ಲಿ ಒಂದು ಲೆಕ್ಕ ತಪ್ಪಾಗಿದೆ" ಎನ್ನುವಷ್ಟು ಹತ್ತಿರಕ್ಕೆ ಅದು ಬರಲಿ.

ಅರ್ಧಕ್ಕೆ ನಿಂತ ಆ ಮೂರು ಕಥೆಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಬಿಸಿಯೂಟದ ಕಥೆಗೆ ಹಿಂದಿರುಗಿ, ಮುಖ್ಯೋಪಾಧ್ಯಾಯಿನಿಯ ಹತ್ತು ಸಾಲುಗಳನ್ನು ಹೊಡೆದುಹಾಕಿ. ಅದು ಸಂಕಲನದಲ್ಲಿ ಅಚ್ಚಾಗಿದೆ ಎಂಬುದು ಅಡ್ಡಿಯಾಗಬಾರದು. ಅಚ್ಚಾದ ಕಥೆಯನ್ನು ತಿದ್ದಬಾರದೆಂದು ಯಾರೂ ಕಾನೂನು ಮಾಡಿಲ್ಲ. ಇದ್ದಿಲಿನ ಅಂಕೆಗಳಿಂದ ಮುಂದಕ್ಕೆ ಬರೆಯಿರಿ. ಬೇಸಿಗೆ ರಜೆಯಲ್ಲಿ ಶಾಲೆಗೆ ಸುಣ್ಣ ಬಳಿಯುತ್ತಾರಲ್ಲ, ಆ ಅಡುಗೆಕೋಣೆಯ ಗೋಡೆಗೂ ಒಂದು ದಿನ ಆಳುಗಳು ಬರುತ್ತಾರೆ. ಆ ಹೊತ್ತಿಗೆ ಅವಳಿಗೆ ಬರಬೇಕಾದ ಬಾಕಿ ಎಷ್ಟು ತಿಂಗಳಿನದು, ಗೋಡೆ ಬೆಳ್ಳಗಾಗುವ ಮೊದಲು ಆ ತಾರೀಖುಗಳನ್ನು ಅವಳು ಎಲ್ಲಿಗೆ ಸಾಗಿಸಿದಳು ಎಂಬುದನ್ನು ನಿಮ್ಮ ಕಥೆ ಹೇಳಿಲ್ಲ. ಓದಿದ ದಿನದಿಂದ ನಾನು ಅದನ್ನೇ ಯೋಚಿಸುತ್ತಿದ್ದೇನೆ.